ತಾಮ್ರಪಟವೂ ಬೊಂತೆಯೂ
(ಬಾನುಲಿ ಭಾಷಣ)

ನಾನು ಹುಟ್ಟಿ ಬೆಳೆದ ಊರು ವಕ್ಕಲೇರಿ. ಕೋಲಾರ ತಾಲ್ಲೂಕಿನ ಈ ಊರಿನ ಹೆಸರನ್ನು ಮಾರ್ಕಂಡೇಶ್ವರನ ಬೆಟ್ಟಕ್ಕೆ ಹರಕೆ ಹೊತ್ತು ಬಂದವರು ಬಲ್ಲರು. ಅವರನ್ನು ಬಿಟ್ಟರೆ ಚರಿತ್ರೆಯ ವಿದ್ಯಾರ್ಥಿಗಳು ಬಲ್ಲರು. ಬಾದಾಮಿ ಚಲುಕ್ಯರ ಕೊನೆಯ ಅರಸನಾದ ಇಮ್ಮಡಿ ಕೀರ್ತಿವರ್ಮನ ತಾಮ್ರಪಟಗಳು ದೊರೆತದ್ದು ನಮ್ಮೂರಿನಲ್ಲಿ. ಕಾಲ ಶಕ ವರ್ಷ 679, ಅಂದರೆ ಕ್ರಿ.ಶ. 757. ಭೀಮಾನದಿಯ ಉತ್ತರದ ದಡದಲ್ಲಿ ಬೀಡುಬಿಟ್ಟಿದ್ದ ಅರಸನು ಹಾನಗಲ್ಲಿನ ಸೀಮೆಯ ಸುಳ್ಳಿಯೂರೆಂಬ ಗ್ರಾಮವನ್ನು ದಾನ ಮಾಡಿದ ಸಂಗತಿ ಅದರಲ್ಲಿದೆ. ಅದಕ್ಕೂ ಮಿಗಿಲಾಗಿ ಅವನ ತಂದೆ ಇಮ್ಮಡಿ ವಿಕ್ರಮಾದಿತ್ಯನು ಕಂಚಿಯನ್ನು ಹೊಕ್ಕು, ಊರನ್ನು ಹಾಳುಗೆಡವದೆ, ರಾಜಸಿಂಹೇಶ್ವರ ದೇವಾಲಯದ ಹೊನ್ನರಾಶಿಯನ್ನು ದೇವರಿಗೇ ಹಿಂದಿರುಗಿಸಿ ಬಂದ ಕಥೆಯಿದೆ. ಪಲ್ಲವರಿಂದ ಅವನು ಗೆದ್ದು ತಂದ ವಾದ್ಯಗಳ, ಆನೆಗಳ, ಮಾಣಿಕ್ಯಗಳ, ಖಟ್ವಾಂಗಧ್ವಜವೆಂಬ ಬಾವುಟದ ಪಟ್ಟಿಯೂ ಇದೆ. ಹಿಂದೆ ಬಿ. ಎಲ್. ರೈಸ್ ಅವರೂ ಆಮೇಲೆ ಕೀಲ್‌ಹಾರ್ನ್ ಅವರೂ ಈ ಶಾಸನವನ್ನು ಓದಿ ಪ್ರಕಟಿಸಿದರು. ಅಂದಿನಿಂದ ದಕ್ಷಿಣ ದೇಶದ ಚರಿತ್ರೆಯ ಪುಸ್ತಕಗಳಲ್ಲೆಲ್ಲ ನಮ್ಮೂರ ಹೆಸರು ಅಡಿಟಿಪ್ಪಣಿಯಲ್ಲಾದರೂ ಇದ್ದೇ ಇರುತ್ತದೆ.

ಕಾಲೇಜಿನಲ್ಲಿ ಚರಿತ್ರೆಯನ್ನು ಪಾಠ ಹೇಳಿ ಹೊಟ್ಟೆ ಹೊರೆದವನು ನಾನು. ಈ ಶಾಸನದ ವಿಷಯ ಬಂದಾಗಲೆಲ್ಲ ದನಿ ಒಂದಿಷ್ಟು ಏರುತ್ತಿದ್ದುದುಂಟು. ಆದರೆ ಒಂದು ಮಾತನ್ನು ಒಪ್ಪಿಕೊಳ್ಳಬೇಕು. ದಾನವಾದ ಊರು ನಮ್ಮದಲ್ಲ; ದಾನ ಮಾಡಿದವನು ನಮ್ಮೂರಿನವನಲ್ಲ; ಕಂಚಿಯೂ ನಮ್ಮದಲ್ಲ, ಭೀಮೆಯೂ ನಮ್ಮದಲ್ಲ. ನಮ್ಮೂರಿಗೆ ಕೀರ್ತಿ ತಂದ ದಾಖಲೆಯಿಂದ ನಮ್ಮೂರಿನಲ್ಲಿ ಅಂದು ಯಾರಿದ್ದರು, ಏನು ಉಟ್ಟರು, ಏನು ಹೊದ್ದರು ಎಂಬುದು ತಿಳಿಯುವುದಿಲ್ಲ. ನಮ್ಮ ಮನೆಯ ಚರಿತ್ರೆಯನ್ನು ಹೇಳುವ ದಾಖಲೆ ಬೇರೊಂದಿತ್ತು. ಅದು ತಾಮ್ರದ್ದಲ್ಲ, ಬಟ್ಟೆಯದು. ನಮ್ಮಜ್ಜಿ ಹೊಲಿದ ಬೊಂತೆ. 'ತಾಮ್ರಪಟ' ಎಂಬಲ್ಲಿರುವುದು ಪಟ್ಟವೇ ಹೊರತು ಬಟ್ಟೆ ಎಂಬ ಅರ್ಥದ ಪಟವಲ್ಲ ಎಂದು ಪಂಡಿತರು ತಿದ್ದುತ್ತಾರೆ. ಅವರ ಮಾತು ಸರಿಯೇ. ಆದರೂ ಈ ಎರಡು ಪಟಗಳನ್ನು ಜೊತೆಗಿಟ್ಟು ನೋಡುವ ಚಾಪಲ್ಯ ನನ್ನನ್ನು ಬಿಟ್ಟಿಲ್ಲ.

ಬೊಂತೆ ಎಂದರೆ ಹಳೆಯ ಸೀರೆ, ಪಂಚೆ, ಲಂಗ, ಅಂಗಿಗಳನ್ನು ಪದರಪದರವಾಗಿ ಹಾಸಿ, ಮೇಲೆ ತುಂಡುಗಳನ್ನು ಜೋಡಿಸಿ, ಉದ್ದಕ್ಕೂ ಹೊಲಿಗೆ ಹಾಕಿದ ಹೊದಿಕೆ; ಹಾಸಿಕೊಂಡರೆ ಹಾಸಿಗೆ. ಉತ್ತರ ಕರ್ನಾಟಕದವರು ಇದನ್ನೇ ಕೌದಿ ಎನ್ನುತ್ತಾರೆ. ತೆಲುಗು ಬೆರೆತ ನಮ್ಮ ಸೀಮೆಯಲ್ಲಿ ಬೊಂತೆಯೇ ವಾಡಿಕೆ. ತೆಲುಗಿನಲ್ಲಿಯೂ ಅದು ಬೊಂತ. ಸಂಸ್ಕೃತದಲ್ಲಿ ಕಂಥಾ. ಬಂಗಾಳದ ಹೆಂಗಸರ ಕಾಂಥಾ ಕಸೂತಿಯ ಹೆಸರು ಅದೇ. ಕನ್ನಡಕ್ಕೆ ಬಂದು ಅದು ಕಂತೆಯಾಯಿತು. 'ಕಂತೆಗೆ ತಕ್ಕ ಬೊಂತೆ' ಎಂಬ ಗಾದೆಯನ್ನು ಗಂಡುಹೆಣ್ಣಿನ ಜೋಡಿಯನ್ನು ನೋಡಿ ನಗುವುದಕ್ಕೆ ಬಳಸುತ್ತೇವೆ; ಅದರಲ್ಲಿರುವ ಎರಡು ಮಾತಿಗೂ ಮೂಲದಲ್ಲಿ ಒಂದೇ ಅರ್ಥವೆಂಬುದು ನೆನಪಿಗೆ ಬರುವುದಿಲ್ಲ. ಹನ್ನೆರಡನೆಯ ಶತಮಾನದ ಶರಣೆ ಬೊಂತಾದೇವಿಯ ಹೆಸರಿನಲ್ಲಿಯೂ ಇದೇ ಬೊಂತೆಯಿದೆ. ಕಾಶ್ಮೀರದ ರಾಜಕುಮಾರಿಯಾಗಿದ್ದು ಎಲ್ಲವನ್ನೂ ತೊರೆದು ಹೊರಟ ಆಕೆಗೆ ಶಿವನೇ ಬೊಂತೆಯೊಂದನ್ನು ಹೊದಿಸಿದನೆಂದು ಐತಿಹ್ಯ. ಅರಮನೆಯ ಪಟ್ಟೆಯನ್ನು ಬಿಟ್ಟವಳಿಗೆ ದೇವರು ಕೊಟ್ಟದ್ದು ಹೊಸ ಸೀರೆಯಲ್ಲ, ಬೊಂತೆ ಎಂಬುದನ್ನು ಗಮನಿಸಬೇಕು.

ತುಂಡು ಬಟ್ಟೆಯನ್ನು ಜೋಡಿಸುವುದಕ್ಕೂ ಒಂದು ವಿನ್ಯಾಸ ಬೇಕೆಂಬ ಮಾತು ನಮ್ಮ ದೇಶದಲ್ಲಿ ಎಷ್ಟು ಹಳೆಯದೆಂದರೆ ಬೌದ್ಧರ ವಿನಯಪಿಟಕದಲ್ಲಿಯೇ ಅದು ಸಿಕ್ಕುತ್ತದೆ. ಬುದ್ಧನು ದಕ್ಷಿಣಗಿರಿಯ ಕಡೆಗೆ ಹೋಗುತ್ತಿದ್ದಾಗ ಮಗಧದ ಗದ್ದೆಗಳು ಕಣ್ಣಿಗೆ ಬಿದ್ದವಂತೆ. ಚೌಕಚೌಕವಾಗಿ, ನಡುವೆ ಬದುಗಳು, ಬದುಗಳು ಕೂಡುವ ಕಡೆ ಮೂಲೆಗಳು. ಭಿಕ್ಷುಗಳ ಚೀವರವನ್ನು ಹೀಗೆ ಹೊಲಿಸಬಲ್ಲೆಯಾ ಎಂದು ಅವನು ಆನಂದನನ್ನು ಕೇಳಿದ, ಆನಂದ ಹೊಲಿಸಿದ. ಮಹಾವಗ್ಗದಲ್ಲಿ ಬರುವ ಈ ಸಣ್ಣ ಪ್ರಸಂಗವನ್ನು ನಾನು ಬಹಳ ತಡವಾಗಿ ಓದಿದೆ. ಓದಿದ ಕೂಡಲೇ ಮಾರ್ಕಂಡೇಶ್ವರನ ಬೆಟ್ಟದ ಮೇಲೆ ನಿಂತು ಕೆಳಗಿನ ಹೊಲಗಳನ್ನು ತೋರಿಸುತ್ತ ಅಜ್ಜಿ ಹೇಳಿದ್ದ ಮಾತು ನೆನಪಾಯಿತು: "ನೋಡೋ, ಭೂಮ್ತಾಯಿ ಬೊಂತೆ ಹೊದ್ದುಕೊಂಡಿದ್ದಾಳೆ." ಅವಳು ಮಹಾವಗ್ಗವನ್ನು ಓದಿದವಳಲ್ಲ. ಓದು ಬರಹವೇ ಬರುತ್ತಿರಲಿಲ್ಲ.

ಬೊಂತೆಗೆ ಬೇಕಾದದ್ದು ಹಳೆಯ ಬಟ್ಟೆ. ಹಳೆಯದಾಗಬೇಕಾದರೆ ಅದು ಒಮ್ಮೆ ಹೊಸದಾಗಿರಬೇಕಷ್ಟೆ! ಆದ್ದರಿಂದ ಬೊಂತೆಯ ಚರಿತ್ರೆ ಕೋಲಾರದ ಜವಳಿ ಅಂಗಡಿಯಿಂದಲೇ ಮೊದಲಾಗಬೇಕು. ವರ್ಷಕ್ಕೆ ಎರಡು ಸಲ, ಯುಗಾದಿಗೆ ಮುಂಚೆ ಒಮ್ಮೆ, ಗೌರಿಹಬ್ಬಕ್ಕೆ ಮುಂಚೆ ಒಮ್ಮೆ, ನಮ್ಮ ಮನೆಯ ಗಾಡಿ ಕೋಲಾರಕ್ಕೆ ಹೊರಡುತ್ತಿತ್ತು. ನಾನು ಹೇಳುತ್ತಿರುವುದು 1950ರ ದಶಕದ ಮಾತು. ಬೆಳಕು ಹರಿಯುವ ಮುಂಚೆಯೇ ಗಾಡಿ ಕಟ್ಟುವುದು. ಮೊದಲು ಕೋಲಾರಮ್ಮನಿಗೆ ಹಣ್ಣುಕಾಯಿ, ಆಮೇಲೆ ದೊಡ್ಡಪೇಟೆ. ಚಪ್ಪಲಿಯನ್ನು ಜಗಲಿಯ ಕೆಳಗೆ ಬಿಟ್ಟು ಹತ್ತಿದರೆ ಅಂಗಡಿಯ ತುಂಬ ಬಿಳಿಯ ಹಾಸು, ಗೋಡೆಗೆ ಒರಗುದಿಂಬು, ಸೂರಿನವರೆಗೆ ಬಟ್ಟೆಯ ಥಾನುಗಳು. ಒಳಗೆ ಕಾಲಿಟ್ಟೊಡನೆ ಬರುತ್ತಿದ್ದ ಗಂಜಿಯ ವಾಸನೆ ಇಂದಿಗೂ ನನಗೆ ಹಬ್ಬದ ವಾಸನೆಯೇ. ಒಬ್ಬಟ್ಟಿನದು ಆಮೇಲೆ.

"ಬನ್ನಿ ತಾಯಿ, ಕೂತ್ಕೊಳ್ಳಿ" ಎಂದು ಶೆಟ್ಟರು ಕನ್ನಡದಲ್ಲಿ ಅಜ್ಜಿಯನ್ನು ಕೂರಿಸಿ, ಹುಡುಗನಿಗೆ ತೆಲುಗಿನಲ್ಲಿ ಅಪ್ಪಣೆ ಮಾಡುವರು. ಹುಡುಗ ಥಾನನ್ನು ಎಸೆದರೆ ಅದು ಹಾಸಿನ ಮೇಲೆ ತಾನಾಗಿ ಬಿಚ್ಚಿಕೊಂಡು ನಮ್ಮ ಮೊಣಕಾಲಿನವರೆಗೆ ಬಂದು ನಿಲ್ಲುತ್ತಿತ್ತು. ಲಂಗಕ್ಕೆ ಹೂಬಳ್ಳಿಯ ಚೀಟಿ, ರವಿಕೆಗೆ ಕಣ, ಗಂಡಸರ ಅಂಗಿಗೆ ಲಾಂಗ್‌ಕ್ಲಾತು, ಬಡವರಿಗೆ ಮಂಜರಪಾಟು, ಹುಡುಗರ ಚಡ್ಡಿಗೆ ಖಾಕಿ. ಖಾಕಿ ಮದರಾಸಿನ ಬಕಿಂಗ್‌ಹ್ಯಾಂ ಕರ್ನಾಟಿಕ್ ಗಿರಣಿಯದಾದರೆ ಶೆಟ್ಟರು ಆ ಹೆಸರನ್ನು ಮಂತ್ರದಂತೆ ಉಚ್ಚರಿಸುತ್ತಿದ್ದರು. ಬೆಂಗಳೂರಿನ ಬಟ್ಟೆ ಎಂದರೆ ಬಿನ್ನಿ. 1884ರಲ್ಲಿ ಹುಟ್ಟಿದ ಬೆಂಗಳೂರು ಉಣ್ಣೆ, ಹತ್ತಿ ಮತ್ತು ರೇಷ್ಮೆ ಗಿರಣಿಗೆ ಜನ ಇಟ್ಟುಕೊಂಡ ಹೆಸರು ಅದು. ಮಗ್ಗದ ಸೀರೆ ಬೇರೆಯ ಮೂಲೆಯಲ್ಲಿ. 1800ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಬೆಂಗಳೂರಿನ ದೇವಾಂಗ, ತೊಗಟ, ಪಟ್ಟೆಗಾರ ನೇಕಾರರ ವಿಷಯವನ್ನು ಪುಟಗಟ್ಟಲೆ ಬರೆದಿಟ್ಟಿದ್ದಾನೆ. ಒಂದೂವರೆ ಶತಮಾನ ಕಳೆದ ಮೇಲೆ ಕೋಲಾರದ ಅಂಗಡಿಯಲ್ಲಿ ಮಗ್ಗ ಮೂಲೆಗೆ ಸರಿದು ಗಿರಣಿ ನಡುಮನೆಗೆ ಬಂದಿತ್ತು. ಆರ್ಥಿಕ ಚರಿತ್ರೆಯ ಒಂದು ಅಧ್ಯಾಯವನ್ನು ಹೀಗೆ ಅಂಗಡಿಯ ಕಪಾಟಿನಲ್ಲಿಯೇ ಓದಬಹುದಾಗಿತ್ತು.

ಅಜ್ಜಿ ಬಟ್ಟೆಯನ್ನು ಕಣ್ಣಿನಿಂದ ನೋಡುತ್ತಿದ್ದುದು ಕಡಿಮೆ. ಹೆಬ್ಬೆರಳು ತೋರುಬೆರಳುಗಳ ನಡುವೆ ಹಿಡಿದು ಉಜ್ಜಿ ನೋಡುವಳು. ಗಂಜಿ ಉದುರಿದರೆ ಮೋರೆ ತಿರುಗಿಸುವಳು. ಅಂಚನ್ನು ನಾಲಗೆಯಲ್ಲಿ ಒದ್ದೆ ಮಾಡಿ ಬಿಳಿಯ ಸೆರಗಿಗೆ ಒತ್ತುವಳು. ಬಣ್ಣ ಹತ್ತಿದರೆ ವ್ಯಾಪಾರ ಮುಗಿಯಿತು. ಈ ಪರೀಕ್ಷೆಯೆಲ್ಲ ಹಬ್ಬದ ದಿನಕ್ಕಾಗಿ ಅಲ್ಲವೆಂಬುದು ನನಗೆ ಎಷ್ಟೋ ವರ್ಷದ ಮೇಲೆ ತಿಳಿಯಿತು. ಹಬ್ಬದ ದಿನ ಎಂಥ ಬಟ್ಟೆಯಾದರೂ ಚೆನ್ನಾಗಿಯೇ ಇರುತ್ತದೆ. ಅವಳ ಲೆಕ್ಕ ಹತ್ತು ವರ್ಷ ಮುಂದಿನದು. ಅಣ್ಣನಿಂದ ತಮ್ಮನಿಗೆ ಇಳಿದು, ಮೊಣಕೈ ಹರಿದು, ಒರೆಸುವ ಬಟ್ಟೆಯಾಗುವ ಮೊದಲು ಅದು ಬೊಂತೆಗೆ ಬರಬೇಕು. ಬಂದಾಗ ಬಣ್ಣ ಉಳಿದಿರಬೇಕು.

ಶೆಟ್ಟರು ಕಬ್ಬಿಣದ ಗಜದಲ್ಲಿ ಅಳೆದು, ಕತ್ತರಿಯಿಂದ ಅಂಚಿಗೆ ಒಂದು ಕಚ್ಚು ಹಾಕಿ, ಎರಡು ಕೈಯಲ್ಲಿ ಹಿಡಿದು ಪರ್ರನೆ ಸೀಳುತ್ತಿದ್ದರು. ಆ ಸದ್ದಿಗಾಗಿಯೇ ನಾನು ಗಾಡಿಯಲ್ಲಿ ಹಟ ಮಾಡಿ ಹೋಗುತ್ತಿದ್ದುದು. 1957ರ ಏಪ್ರಿಲ್‌ನಲ್ಲಿ ನಯಾಪೈಸೆ ಬಂತು. ಮರು ವರ್ಷದಿಂದ ಹಂತಹಂತವಾಗಿ ಮೆಟ್ರಿಕ್ ಅಳತೆ ಬಂತು. ಗಜದ ಜಾಗದಲ್ಲಿ ಮೀಟರ್ ಕೋಲು ಕಾಣಿಸಿದ ದಿನ ಅಜ್ಜಿ ಅದನ್ನು ಕೈಗೆ ತೆಗೆದುಕೊಂಡು ತನ್ನ ಮೊಳದಲ್ಲಿ ಅಳೆದಳು. "ಗಜಕ್ಕಿಂತ ಮೂರಂಗುಲ ಜಾಸ್ತಿ ಇದೆ ತಾಯಿ" ಎಂದರು ಶೆಟ್ಟರು, ತಾವೇ ಕೊಡುಗೆ ಕೊಟ್ಟವರಂತೆ. "ದುಡ್ಡು?" ಎಂದಳು ಅಜ್ಜಿ. "ಅದೂ ಅಷ್ಟು ಜಾಸ್ತಿ." "ಮೂರಂಗುಲ ಜಾಸ್ತಿ ಕೊಟ್ಟು ಮೂರಂಗುಲದ ದುಡ್ಡು ಈಸಿಕೊಂಡರೆ ನಮಗೇನು ಬಂತು ಶೆಟ್ಟರೇ? ಒಂದು ಚೂರು ಬೊಂತೆಗೆ ಹಾಕಿ." ಶೆಟ್ಟರು ನಗುತ್ತ ಗಾದಿಯ ಕೆಳಗಿನಿಂದ ಒಂದು ತುಂಡನ್ನು ತೆಗೆದುಕೊಟ್ಟರು. ಜಗಲಿಯ ಮೇಲೆ ಸಿಂಗರ್ ಮೆಷೀನು ತುಳಿಯುತ್ತಿದ್ದ ದರ್ಜಿಯ ಮುಂದೆಯೂ ಅಜ್ಜಿ ಒಂದು ನಿಮಿಷ ನಿಲ್ಲುವಳು. ಅವನ ಕಾಲ ಬಳಿ ಬಿದ್ದಿದ್ದ ಕತ್ತರಿಸಿದ ಚೂರುಗಳೆಲ್ಲ ಅವಳ ಮಡಿಲಿಗೆ. ಊರವರೆಲ್ಲರ ಅಂಗಿಯ ಚೂರು ಹೀಗೆ ನಮ್ಮ ಮನೆಯ ಬೊಂತೆಯಲ್ಲಿ ಸೇರಿಕೊಂಡಿದ್ದವು.

ಹೊಲಿಯುವುದು ಸುಗ್ಗಿ ಮುಗಿದ ಮೇಲೆ, ಬಿಸಿಲು ಏರುವ ಕಾಲದಲ್ಲಿ. ರಾಗಿ ಮನೆಗೆ ಬಂದಿರುತ್ತದೆ, ಮಳೆ ಇನ್ನೂ ದೂರ. ಸಾರಿಸಿದ ಅಂಗಳದಲ್ಲಿ ಒಂದು ಹಳೆಯ ಸೀರೆಯನ್ನು ಹಾಸಿ ನಾಲ್ಕು ಮೂಲೆಗೂ ಗುಂಡುಕಲ್ಲು ಇಡುವರು. ಅದರ ಮೇಲೆ ಬಿಚ್ಚಿದ ಪಂಚೆ, ಚಿಂದಿ, ಕೆಲವು ಸಲ ತೀರ ಜೀರ್ಣವಾದ ಹಳೆಯ ಬೊಂತೆಯೇ. ಅದರ ಮೇಲೆ ಇನ್ನೊಂದು ಸೀರೆ. ಅದರ ಮೇಲೆ ತುಂಡುಗಳ ಜೋಡಣೆ. ಮೇಣ ಸವರಿದ ದಾರ, ಸಂತೆಯಿಂದ ತಂದ ದಪ್ಪ ಸೂಜಿ. ಅಕ್ಕಪಕ್ಕದ ಹೆಂಗಸರು ನಾಲ್ಕು ಅಂಚಿಗೂ ಕುಳಿತು ಹೊರಗಿನಿಂದ ಒಳಕ್ಕೆ ಹೊಲಿದುಕೊಂಡು ಬರುವರು. ದಿನ ಕಳೆದಂತೆ ಅವರು ಬಟ್ಟೆಯ ಮೇಲೆಯೇ ಮುಂದೆ ಮುಂದೆ ಸರಿದು, ಕೊನೆಗೆ ನಡುವಿನ ಒಂದು ಚೌಕದ ಸುತ್ತ ಮೊಣಕಾಲಿಗೆ ಮೊಣಕಾಲು ತಾಕುವಂತೆ ಕೂಡುತ್ತಿದ್ದರು. ಗುಟ್ಟಿನ ಮಾತುಗಳೆಲ್ಲ ಆಗಲೇ. ಅಂಚಿನ ಹೊಲಿಗೆಯ ದಿನ ಅಲ್ಲಿಯೇ ಆಡಿಕೊಂಡಿರುತ್ತಿದ್ದ ನಮ್ಮನ್ನು ನಡುವಿನ ಹೊಲಿಗೆಯ ದಿನ ಮಾತ್ರ ಓಡಿಸಿಬಿಡುತ್ತಿದ್ದರು.

ಜೋಡಣೆಯಲ್ಲಿ ನಾನಾ ಬಗೆಗಳಿದ್ದವು. ಚಿಂದಿಯನ್ನು ಹೇಗೆಂದರೆ ಹಾಗೆ ಸೇರಿಸಿದ್ದು ದಿನಬಳಕೆಗೆ. ಹಸುಗೂಸಿನ ಬೊಂತೆ ಚಿಕ್ಕದು. ಹೊಸ ಬಟ್ಟೆ ಎಳೆಮೈಗೆ ಒರಟೆಂದು ಹಿರಿಯರ ಸೀರೆಯ ಮೆತ್ತನೆಯ ಭಾಗವನ್ನೇ ಅದಕ್ಕೆ ಆರಿಸುವುದು. ನೆಂಟರು ಬಂದಾಗ ಹೊರಗೆ ತೆಗೆಯುವ ಬೊಂತೆಯದೇ ನಿಜವಾದ ವಿನ್ಯಾಸ. ಅಡ್ಡ ಮೂರು, ಉದ್ದ ಮೂರು ಚೌಕಗಳನ್ನು ಬಣ್ಣ ಬದಲಿಸಿ ಕೂಡಿಸಿದರೆ ಒಂದು 'ಮನೆ'. ಅಂಥ ಮನೆಗಳನ್ನು ಸಾಲಾಗಿ ಇಟ್ಟು, ನಡುವೆ ಸೀರೆಯಂಚನ್ನು ಬದುವಿನಂತೆ ಓಡಿಸುವುದು. ಚೌಕಾಬಾರದ ಮನೆ ಬರೆದ ಕೈಗೆ, ಬಾಗಿಲಿನ ಮುಂದೆ ಚುಕ್ಕಿ ಇಟ್ಟು ರಂಗೋಲಿ ಹಾಕಿದ ಕೈಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅಂಚಿಗೆ ತ್ರಿಕೋನಗಳ ಸಾಲು, ಸೀರೆಯ ಗೋಪುರದಂಚಿನ ಹಾಗೆ.

ನಮ್ಮಜ್ಜಿಯ ಈ ಮೂರು ಮೂರಲ ಒಂಬತ್ತರ ಮನೆಯನ್ನೇ ಅಮೆರಿಕದ ಹೆಂಗಸರು 'ನೈನ್ ಪ್ಯಾಚ್' ಎಂದು ಕರೆದು ಹೊಲಿಯುತ್ತಿದ್ದರೆಂಬುದನ್ನು ಒಂದು ಪುಸ್ತಕದ ಚಿತ್ರದಲ್ಲಿ ನೋಡಿ ನಾನು ಬೆರಗಾದೆ. ಅಲ್ಲಿ ಪ್ರತಿಯೊಂದು ವಿನ್ಯಾಸಕ್ಕೂ ಹೆಸರಿದೆ. ಮರದ ದಿಮ್ಮಿಯ ಮನೆ ಎಂಬರ್ಥದ 'ಲಾಗ್ ಕ್ಯಾಬಿನ್' ಒಂದು. ಅದರ ನಡುವಿನ ಕೆಂಪು ಚೌಕ ಆ ಮನೆಯ ಒಲೆ ಎಂದು ಹೇಳುವ ವಾಡಿಕೆ. ಹಾರುವ ಬಾತುಗಳ ಸಾಲಿನಂಥ ತ್ರಿಕೋನಗಳದು ಇನ್ನೊಂದು. 'ಕ್ಯಾನ್ಸಸ್ ಸಿಟಿ ಸ್ಟಾರ್' ಎಂಬ ಪತ್ರಿಕೆ 1928ರಿಂದ 1961ರವರೆಗೆ ಇಂಥ ಸಾವಿರಕ್ಕೂ ಮಿಕ್ಕಿದ ವಿನ್ಯಾಸಗಳನ್ನು ಅಚ್ಚು ಹಾಕಿತು. ಹೆಂಗಸರು ಅವನ್ನು ಕತ್ತರಿಸಿ ಡಬ್ಬಿಯಲ್ಲಿ ಕೂಡಿಟ್ಟರು. ಅಚ್ಚಾದ ಕಾಗದ ಉಳಿಯಿತು. ಕಾಗದ ಉಳಿದದ್ದರಿಂದ ಚರಿತ್ರೆಯೂ ಉಳಿಯಿತು. ನಮ್ಮ ಪತ್ರಿಕೆಗಳು ಅದೇ ಕಾಲದಲ್ಲಿ ರಂಗೋಲಿಯನ್ನು ಪ್ರಕಟಿಸಿದವು, ಕಸೂತಿಯನ್ನು ಪ್ರಕಟಿಸಿದವು. ಬೊಂತೆಯ ವಿನ್ಯಾಸವೊಂದನ್ನು ಅಲ್ಲಿ ಕಂಡ ನೆನಪು ನನಗಿಲ್ಲ. ಬಡತನದ ಗುರುತನ್ನು ಯಾರು ಅಚ್ಚು ಹಾಕಿಸುತ್ತಾರೆ? ಕಲ್ಯಾಣದ ಚಾಲುಕ್ಯ ಅರಸ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದ 'ಮಾನಸೋಲ್ಲಾಸ'ದಲ್ಲಿ ಚೋಳ, ಕಳಿಂಗ, ಸಿಂಹಳ, ಮಹಾಚೀನದ ಬಟ್ಟೆಗಳನ್ನು ಎಣಿಸಿ ಹೇಳುತ್ತಾನೆ. ಅದು ಅರಸನ ಉಡುಗೆಯ ಪುಸ್ತಕ. ಆ ಬಟ್ಟೆ ಹಳೆಯದಾದ ಮೇಲೆ ಯಾರ ಮೈಮೇಲೆ ಹೋಯಿತು, ಅದರಿಂದ ಯಾರು ಏನು ಹೊಲಿದರು ಎಂಬುದು ಅವನ ಚಿಂತೆಯಲ್ಲ.

ಕರ್ನಾಟಕದಲ್ಲಿ ಈ ಕೆಲಸಕ್ಕೆ ಲೋಕದ ಕಣ್ಣು ಬಿದ್ದದ್ದು ತೀರ ಈಚೆಗೆ. ಅದೂ ಉತ್ತರ ಕನ್ನಡದ ಕಾಡಿನಂಚಿನಲ್ಲಿ. ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಡೆಯ ಸಿದ್ದಿ ಹೆಂಗಸರು ತಮ್ಮ ಬೊಂತೆಯನ್ನು ಕವಂದಿ ಎನ್ನುತ್ತಾರೆ. ಆಫ್ರಿಕದಿಂದ ಬಂದ ಜನರ ಸಂತತಿ ಅವರು. ಅವರೂ ಅಂಚಿನಿಂದ ಒಳಕ್ಕೆ ಹೊಲಿಯುತ್ತಾರೆ. ನಾಲ್ಕು ಮೂಲೆಗೂ ಮಡಿಸಿದ ಬಟ್ಟೆಯ ತ್ರಿಕೋನಗಳನ್ನು ಇಡುತ್ತಾರೆ. ಅದರ ಹೆಸರು ಫೂಲ, ಎಂದರೆ ಹೂವು. ಹೂವಿಲ್ಲದ ಕವಂದಿ ಬತ್ತಲೆ ಎಂಬುದು ಅವರ ಮಾತು. ಹೆನ್ರಿ ಡ್ರೂವಲ್ ಎಂಬ ಅಮೆರಿಕದ ಕಲಾಚರಿತ್ರೆಕಾರರು ಇವನ್ನು ಕಂಡು ಅಭ್ಯಾಸ ಮಾಡಿದರು. 2011ರಲ್ಲಿ ನ್ಯೂಯಾರ್ಕಿನ ಶೋಂಬರ್ಗ್ ಕೇಂದ್ರದಲ್ಲಿ ಕವಂದಿಗಳ ಪ್ರದರ್ಶನ ನಡೆಯಿತು. ಅದರ ಚಿತ್ರಗಳನ್ನು ನೋಡುವಾಗ ನನಗೆ ಸಂತೋಷವೂ ಆಯಿತು, ಹೊಟ್ಟೆಯಲ್ಲಿ ಒಂದು ಬಗೆಯ ಸಂಕಟವೂ ಆಯಿತು. ಸಂಕಟದ ಕಾರಣವನ್ನೇ ಈಗ ಹೇಳಬೇಕಾಗಿದೆ.

ನಮ್ಮಜ್ಜಿ ಬೊಂತೆಯನ್ನು ಹೊಲಿಯುತ್ತಿದ್ದಳು ಎಂದೆನಲ್ಲ. ಅದನ್ನು ಓದುತ್ತಲೂ ಇದ್ದಳು. ಚಳಿಗಾಲದ ರಾತ್ರಿ ನಾವು ಮೊಮ್ಮಕ್ಕಳು ಒಂದೇ ಬೊಂತೆಯೊಳಗೆ ಸೇರಿಕೊಂಡಾಗ ಒಂದೊಂದು ತುಂಡಿನ ಮೇಲೂ ಬೆರಳಿಟ್ಟು, "ಇದು ಯಾರದಜ್ಜಿ?" ಎಂದು ಕೇಳುವುದು ನಮ್ಮ ಆಟ. "ಅದು ನಿಮ್ಮಪ್ಪ ಮೊದಲು ಸ್ಕೂಲಿಗೆ ಹೋದಾಗ ಹೊಲಿಸಿದ ಅಂಗಿ. ಇದು ನಿಮ್ಮ ತಾತನ ರುಮಾಲು. ಈ ಖಾಕಿ ಚಿನ್ನದ ಗಣೀಲಿದ್ದನಲ್ಲ, ನಮ್ಮಣ್ಣ, ಅವನದು. ಇದು ನಾನು ಮದುವಣಗಿತ್ತಿಯಾಗಿ ಈ ಮನೆಗೆ ಬಂದಾಗ ಉಟ್ಟಿದ್ದು." ದೀಪ ಆರಿಸಿದ ಮೇಲೂ ಅವಳಿಗೆ ಓದಲು ಬರುತ್ತಿತ್ತು. ಕೈಯಾಡಿಸಿ, ನೇಯ್ಗೆಯ ಒರಟಿನ ಮೇಲೆ ಹೆಸರು ಹೇಳುವಳು. ಶಾಸನವನ್ನು ಬೆರಳಿನಿಂದ ತಡವಿ ಓದುವ ಶಾಸನತಜ್ಞರನ್ನು ನಾನು ಮುಂದೆ ಕಂಡಿದ್ದೇನೆ. ಅವರೂ ಅಷ್ಟು ತಡವರಿಸದೆ ಓದಲಾರರು.

ನಡುವಿನ ಮನೆಯ ನಡುವಿನ ಚೌಕವನ್ನು ಮಾತ್ರ ಅವಳು ಓದುತ್ತಿರಲಿಲ್ಲ. ಕೆಂಪು ನೆಲದ ಮೇಲೆ ಹಳದಿಯ ಸಣ್ಣ ಹೂವಿನ ಚೀಟಿ. "ಇದು?" ಎಂದರೆ, "ಮಲಕ್ಕೊಳ್ರೋ ಸಾಕು" ಎನ್ನುವಳು. ನಾನು ಹೈಸ್ಕೂಲಿಗೆ ಬಂದ ಮೇಲೆ ಒಂದು ಮಧ್ಯಾಹ್ನ, ಬೊಂತೆಯನ್ನು ಬಿಸಿಲಿಗೆ ಹಾಕುತ್ತಿದ್ದಾಗ, ಕೇಳದೆಯೇ ಹೇಳಿದಳು. ಅದು ನನ್ನ ಅತ್ತೆಯ ಲಂಗ. ನನ್ನ ತಂದೆಗೆ ತಂಗಿಯಾಗಬೇಕಾದವಳದು. ಯುದ್ಧದ ಕಾಲ. 1943ರಲ್ಲಿ ಬ್ರಿಟಿಷ್ ಸರ್ಕಾರ ಹತ್ತಿಯ ಬಟ್ಟೆ ಮತ್ತು ನೂಲಿನ ಮೇಲ್ವಿಚಾರಣೆಗೆ ಆಜ್ಞೆ ಹೊರಡಿಸಿತ್ತು. ಗಿರಣಿಗಳು ಸೈನ್ಯಕ್ಕೆ ನೇಯುತ್ತಿದ್ದವು. ಕಂಟ್ರೋಲು ಮೈಸೂರು ಸಂಸ್ಥಾನವನ್ನೂ ಬಿಡಲಿಲ್ಲ. ಸಾಲಿನಲ್ಲಿ ನಿಂತರೆ ಸಿಕ್ಕುತ್ತಿದ್ದುದು ಬಣ್ಣವಿಲ್ಲದ ಒರಟು ಬಟ್ಟೆ. ಯುಗಾದಿಗೆ ಹೂವಿನ ಲಂಗವೇ ಬೇಕೆಂದು ಒಂಬತ್ತು ವರ್ಷದ ಹುಡುಗಿ ಅಂಗಡಿಯ ಮೆಟ್ಟಿಲ ಮೇಲೆ ಕುಳಿತು ಅತ್ತಳಂತೆ. ಅಂಗಡಿಯವರು ಮನಸ್ಸು ಕರಗಿ, ಯುದ್ಧಕ್ಕೆ ಮೊದಲು ಬಂದು ಕಪಾಟಿನ ತಳದಲ್ಲಿ ಉಳಿದುಹೋಗಿದ್ದ ಒಂದು ತುಂಡನ್ನು ಹುಡುಕಿಕೊಟ್ಟರು. 1944ರ ಯುಗಾದಿಗೆ ಅವಳು ಅದನ್ನು ಉಟ್ಟಳು. ಶ್ರಾವಣದಲ್ಲಿ ಜ್ವರ ಬಂದು ತೀರಿಕೊಂಡಳು. ನಾನು ಹುಟ್ಟಿದ್ದು ಮರುವರ್ಷ.

ಸತ್ತವರ ಬಟ್ಟೆಯನ್ನು ಮನೆಯಲ್ಲಿ ಇಟ್ಟುಕೊಳ್ಳುವ ಪದ್ಧತಿಯಿಲ್ಲ. ಅಜ್ಜಿ ಯಾರಿಗೂ ಹೇಳದೆ ಲಂಗವನ್ನು ರಾಗಿಯ ವಾಡೆಯ ಹಿಂದೆ ಬಚ್ಚಿಟ್ಟು, ಎರಡು ವರ್ಷದ ಮೇಲೆ ಅದರಿಂದ ಒಂದು ಚೌಕ ಕತ್ತರಿಸಿ, ಬೊಂತೆಯ ನಟ್ಟನಡುವೆ ಇಟ್ಟಳು. ಅಂಚು ಬೇಗ ಸವೆಯುತ್ತದೆ, ನಡುವು ತಡವಾಗಿ ಸವೆಯುತ್ತದೆ ಎಂಬ ಲೆಕ್ಕ. ಆ ಹುಡುಗಿಯದೊಂದು ಫೋಟೋ ಇಲ್ಲ. ಅವಳನ್ನು ಶಾಲೆಗೆ ಕಳಿಸಿರಲಿಲ್ಲ, ಆದ್ದರಿಂದ ಹಾಜರಿ ಪುಸ್ತಕದಲ್ಲಿಯೂ ಹೆಸರಿಲ್ಲ. ಒಂಬತ್ತು ವರ್ಷ ವಕ್ಕಲೇರಿಯಲ್ಲಿ ಬದುಕಿದ್ದಳೆಂಬುದಕ್ಕೆ ಗೇಣಗಲದ ಆ ಚೀಟಿ ಬಟ್ಟೆಯೊಂದೇ ಸಾಕ್ಷಿ.

1971ರ ಜನವರಿಯಲ್ಲಿ ಅಜ್ಜಿ ತೀರಿಕೊಂಡಳು. ಕಾಲೇಜಿನಲ್ಲಿ ಆಗತಾನೇ ಕೆಲಸಕ್ಕೆ ಸೇರಿದ್ದ ನಾನು ವಕ್ಕಲೇರಿಯ ತಾಮ್ರಪಟಗಳ ಮೇಲೆ ಒಂದು ಪ್ರಬಂಧ ಬರೆಯುತ್ತಿದ್ದೆ. ಕ್ರಿಯಾಕರ್ಮಗಳು ಮುಗಿದ ಮರುದಿನ ಕೋಣೆಯಲ್ಲಿ ಕುಳಿತು ಕೀಲ್‌ಹಾರ್ನರ ಪಾಠವನ್ನು ನಕಲು ಮಾಡಿಕೊಳ್ಳುತ್ತಿದ್ದಾಗ ತಾಯಿ ಬಾಗಿಲಲ್ಲಿ ನಿಂತು, "ಅಜ್ಜಿಯ ಹಾಸಿಗೆ, ಬೊಂತೆ ಎಲ್ಲ ಅಗಸರಿಗೆ ಕೊಡೋದು ಪದ್ಧತಿ. ಕೊಟ್ಟುಬಿಡಲೇನೋ?" ಎಂದು ಕೇಳಿದಳು. ಯಾಕೆ ನನ್ನನ್ನು ಕೇಳಿದಳೋ! ಓದಿದವನೆಂದು ಕೇಳಿದ್ದಿರಬೇಕು. ನಾನು ತಲೆಯೆತ್ತದೆ, "ಕೊಟ್ಟುಬಿಡಮ್ಮ" ಎಂದೆ. ಖಟ್ವಾಂಗಧ್ವಜ ಎಂಬ ಪದದ ಮೇಲೆ ನನ್ನ ಬೆರಳಿತ್ತೆಂದು ನೆನಪು. ಪಲ್ಲವರ ಬಾವುಟ ಎಂಥ ಬಟ್ಟೆಯದಿರಬಹುದೆಂದು ಅಂದು ಒಂದು ಗಂಟೆ ಯೋಚಿಸಿದವನು ನಾನೇ.

ಆಮೇಲಿನ ಕಾಲದಲ್ಲಿ ಬೊಂತೆ ಹೇಗೆ ಮರೆಯಾಯಿತೆಂಬುದಕ್ಕೆ ದೊಡ್ಡ ಸಂಶೋಧನೆ ಬೇಕಾಗಿಲ್ಲ. 1965ರಲ್ಲಿ ನಮ್ಮ ದೇಶದಲ್ಲಿಯೇ ಪಾಲಿಯೆಸ್ಟರ್ ನಾರು ತಯಾರಾಗತೊಡಗಿತು. ಟೆರಿಲಿನ್, ಟೆರಿಕಾಟು ಕೋಲಾರದ ಅಂಗಡಿಗೂ ಬಂದವು. 1985ರ ಜವಳಿ ನೀತಿ ಅದಕ್ಕೆ ರಾಜಮಾರ್ಗವನ್ನೇ ತೆರೆಯಿತು. ಒಗೆಯುವವರಿಗೆ ಸುಖ, ಇಸ್ತ್ರಿಯ ಗೊಡವೆಯಿಲ್ಲ, ನಿಜ. ಆದರೆ ಪದರ ಹಾಕಿದರೆ ಜಾರುತ್ತದೆ, ಬೆವರು ಹೀರುವುದಿಲ್ಲ, ಎಷ್ಟು ಹಳೆಯದಾದರೂ ಮೆತ್ತಗಾಗುವುದಿಲ್ಲ. ಮೆತ್ತಗಾಗದ ಬಟ್ಟೆಯಿಂದ ಬೊಂತೆ ಹುಟ್ಟುವುದಿಲ್ಲ. ಉಳಿದ ಹತ್ತಿಯ ಬಟ್ಟೆಗೆ ಇನ್ನೊಬ್ಬ ಗಿರಾಕಿ ಬೀದಿಗೆ ಬಂದಳು. ತಲೆಯ ಮೇಲೆ ಬುಟ್ಟಿ ಹೊತ್ತು, "ಹಳೇ ಬಟ್ಟೆಗೆ ಸ್ಟೀಲ್ ಪಾತ್ರೆ" ಎಂದು ಕೂಗುವವಳು. ನಾಲ್ಕು ಸೀರೆಗೆ ಒಂದು ಡಬರಿ. ನಮ್ಮ ಮನೆಯಲ್ಲಿ ಹೊಳೆಯುವ ಲೋಟಗಳ ಸಾಲೊಂದಿದೆ. ಅವುಗಳ ಬೆಲೆ ಎಷ್ಟು ಬೊಂತೆಗಳೆಂದು ಲೆಕ್ಕ ಹಾಕುವ ಧೈರ್ಯ ನನಗಿಲ್ಲ. ಹೊದಿಕೆಗೆ ಸೊಲ್ಲಾಪುರದ ಚಾದರ ಬಂತು, ಪಾಣಿಪತ್ತಿನ ಕಂಬಳಿ ಬಂತು. ಇದರಲ್ಲಿ ಒಂದು ವಿನೋದವಿದೆ. ಪಾಣಿಪತ್ತಿನ ಅಗ್ಗದ ಕಂಬಳಿ ಎಷ್ಟೋ ಸಲ ಪಶ್ಚಿಮ ದೇಶಗಳವರು ಉಟ್ಟುಬಿಟ್ಟ ಉಣ್ಣೆಬಟ್ಟೆಯನ್ನು ಯಂತ್ರದಲ್ಲಿ ಸಿಗಿದು ಮತ್ತೆ ನೂತು ನೇಯ್ದದ್ದು. ಒಂದು ರೀತಿಯಲ್ಲಿ ಅದೂ ಬೊಂತೆಯೇ. ಆದರೆ ಅದು ಯಾರದು ಎಂದು ಕೇಳಿದರೆ ಹೇಳುವ ಅಜ್ಜಿ ಯಾವ ದೇಶದಲ್ಲಿಯೂ ಇಲ್ಲ.

ನಿವೃತ್ತನಾದ ಮೇಲೆ, 2008ರಲ್ಲಿ, ಮನೆಯ ಪತ್ರಗಳ ಕೆಲಸಕ್ಕಾಗಿ ಊರಿಗೆ ಹೋಗಿದ್ದೆ. ನಮ್ಮ ಮನೆಗೆ ಬಟ್ಟೆ ಒಗೆಯುತ್ತಿದ್ದವರ ಮಗ ಕೋಲಾರದಲ್ಲಿ ಇಸ್ತ್ರಿಯ ಅಂಗಡಿ ಇಟ್ಟಿದ್ದಾರೆಂದು ಯಾರೋ ಹೇಳಿದರು. ಹುಡುಕಿಕೊಂಡು ಹೋದೆ. ನನಗಿಂತ ನಾಲ್ಕೈದು ವರ್ಷಕ್ಕೆ ಚಿಕ್ಕವರು. ಗುರುತು ಹಿಡಿದು, "ಬನ್ನಿ ಮೇಷ್ಟ್ರೇ" ಎಂದು ಒಳಗೆ ಕರೆದು ಕಾಫಿ ತರಿಸಿದರು. ಹೇಗೆ ಕೇಳುವುದೆಂದು ತೋಚದೆ, ನಮ್ಮಜ್ಜಿಯ ಬೊಂತೆಯ ನೆನಪೇನಾದರೂ ಇದೆಯೇ ಎಂದು ಕೇಳಿಯೇಬಿಟ್ಟೆ.

"ಇಲ್ಲದೇ ಏನು? ನಾವು ಆರು ಜನ ಅದರಲ್ಲೇ ಮಲಗಿ ಬೆಳೆದದ್ದು. ಅದು ಹರೀತಾ ಬಂದಾಗ ನಮ್ಮಮ್ಮ ಮೇಲೊಂದು ಕೆಳಗೊಂದು ಸೀರೆ ಹಾಕಿ ಹೊಲಿದಳು. ಒಳಗೆ ಹಂಗೇ ಇದೆ."

ಅಟ್ಟದಿಂದ ಅದನ್ನು ಇಳಿಸಿ ತಂದು ನೆಲದ ಮೇಲೆ ಹರಡಿದರು. ಮೇಲಿದ್ದುದು ನೀಲಿಯ ಚೌಕಳಿ ಸೀರೆ. ಅವರ ತಾಯಿಯ ಸೂಜಿ ನಮ್ಮಜ್ಜಿಯದಕ್ಕಿಂತ ಒತ್ತಾಗಿ ಓಡಿತ್ತು. ಮೂಲೆಗಳಲ್ಲಿ ಒಂದೂ ಎಳೆ ಬಿಟ್ಟುಕೊಂಡಿರಲಿಲ್ಲ. ನಾನು ಮಂಡಿಯೂರಿ ಕುಳಿತು ನಡುವಿನ ಜಾಗವನ್ನು ತಡವಿದೆ. ಒಳಗಿನ ಹಳೆಯ ಹೊಲಿಗೆಯ ಗಂಟುಗಳು ಬೆರಳಿಗೆ ಸಿಕ್ಕಿದವು. ಮನೆಗಳ ಗೆರೆ ಸಿಕ್ಕಿತು. ಬಣ್ಣ ಸಿಕ್ಕಲಿಲ್ಲ.

"ಒಳಗಿಂದು ಬೇಕಾದ್ರೆ ಬಿಚ್ಚಿ ಕೊಡ್ತೀನಿ ಮೇಷ್ಟ್ರೇ" ಎಂದು ಅವರು ಬ್ಲೇಡು ತರಲು ಎದ್ದರು. ಮೇಲಿನ ಸೀರೆ ಅವರ ತಾಯಿಯದೇ ಎಂದು ಕೇಳಿದೆ. ಹೌದು ಎಂದರು, ಆಕೆಯದೂ ಫೋಟೋ ಇಲ್ಲವೆಂದೂ ಹೇಳಿದರು. ನಾನು ಅವರ ಕೈ ಹಿಡಿದು ಕೂರಿಸಿದೆ. ಆ ಸೀರೆ ಯಾವಾಗಿನದು, ಎಲ್ಲಿ ಕೊಂಡದ್ದು ಎಂದು ಕೇಳುತ್ತ ಜೇಬಿನಿಂದ ಪುಸ್ತಕ ತೆಗೆದು ಬರೆದುಕೊಂಡೆ. ಮೂರು ಪುಟವಾಯಿತು. ಕೆಂಪು ಚೀಟಿಯ ವಿಷಯವನ್ನು ನಾನೂ ಅವರಿಗೆ ಹೇಳಿದೆ. ಅವರು ಆ ಜಾಗದ ಮೇಲೆ ಒಮ್ಮೆ ಕೈಯಾಡಿಸಿ, ಬೊಂತೆಯನ್ನು ನಾಲ್ಕಾಗಿ ಮಡಿಸಿ, ಅಟ್ಟದ ಮೇಲಿಟ್ಟರು. ಅಷ್ಟರಲ್ಲಿ ಗಿರಾಕಿಗಳು ಬಂದದ್ದರಿಂದ ನಾನು ಬಸ್ಸಿನ ಹೊತ್ತಾಯಿತೆಂದು ಎದ್ದೆ.